ಮೆಡಿಕೇಡ್, ಸ್ನ್ಯಾಪ್‌ಗೆ ಕತ್ತರಿ: ಅಮೆರಿಕದ ಕನ್ನಡಿಗರು ಯಾಕೆ ಫೋನ್ ಎತ್ತಬೇಕು?

[ಸ್ಕ್ರೀನ್ ಮೇಲೆ ದೊಡ್ಡದಾಗಿ: 51–50]

ನಮಸ್ಕಾರ. ಇದು 2025ರ ಜುಲೈ 1ರಂದು ಅಮೆರಿಕದ ಸೆನೆಟ್‌ನಲ್ಲಿ ಬಿದ್ದ ಮತ. ಲೆಕ್ಕ 50–50ಕ್ಕೆ ಬಂದು ನಿಂತಿತ್ತು. ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಬಂದು ತಮ್ಮದೊಂದು ಮತ ಹಾಕಿದರು, ಮಸೂದೆ ಪಾಸಾಯಿತು. ಜುಲೈ 4ಕ್ಕೆ ಟ್ರಂಪ್ ಸಹಿಯೂ ಬಿತ್ತು. ಹೆಸರು 'ಒನ್ ಬಿಗ್ ಬ್ಯೂಟಿಫುಲ್ ಬಿಲ್'. ಯಾರ ಪಾಲಿಗೆ ಬ್ಯೂಟಿಫುಲ್ ಅಂತ ವಿಡಿಯೋ ನೋಡಿ ನೀವೇ ಹೇಳಿ.

ಅದರಲ್ಲಿ ತೆರಿಗೆ ವಿನಾಯಿತಿ, ಗಡಿ ಕಾವಲು, ಇನ್ನೂ ಏನೇನೋ ಇದೆ. ಅವನ್ನೆಲ್ಲ ಪಕ್ಕಕ್ಕಿಡೋಣ. ಇವತ್ತು ಎರಡೇ ಯೋಜನೆಗಳ ಮಾತು.

[ಸ್ಕ್ರೀನ್ ಮೇಲೆ: ಮೆಡಿಕೇಡ್]

ಮೆಡಿಕೇಡ್ ಅಂದರೆ ಕಡಿಮೆ ಆದಾಯದವರ ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಯೋಜನೆ. 1965ರಲ್ಲಿ ಲಿಂಡನ್ ಜಾನ್ಸನ್ ಸಹಿ ಹಾಕಿದ್ದು. ಸುಮಾರು 7 ಕೋಟಿ ಜನ ಇದರಲ್ಲಿದ್ದಾರೆ. ಅಮೆರಿಕದಲ್ಲಿ ಹುಟ್ಟುವ ಹತ್ತು ಮಕ್ಕಳಲ್ಲಿ ನಾಲ್ಕು ಮಕ್ಕಳ ಹೆರಿಗೆ ಖರ್ಚು ಇದರಿಂದಲೇ ಹೋಗುತ್ತದೆ. ಓಡಾಡಲಾಗದ ವೃದ್ಧರನ್ನು ನೋಡಿಕೊಳ್ಳುವ ಕೇಂದ್ರಗಳಲ್ಲಿ ಹತ್ತರಲ್ಲಿ ಆರು ಜನರ ಬಿಲ್ಲನ್ನೂ ಇದೇ ಕಟ್ಟುತ್ತದೆ. 'ಬಡವರ ಯೋಜನೆ' ಅಂತ ಮೂಗು ಮುರಿಯುವ ಎಷ್ಟೋ ಮಧ್ಯಮ ವರ್ಗದ ಮನೆಗಳ ಅಜ್ಜ ಅಜ್ಜಿಯರು ಕೊನೆಗೆ ಬಂದು ನಿಲ್ಲೋದು ಇಲ್ಲೇ.

[ಸ್ಕ್ರೀನ್ ಮೇಲೆ: ಸ್ನ್ಯಾಪ್]

ಸ್ನ್ಯಾಪ್ ಅಂದರೆ ಕಡಿಮೆ ಆದಾಯದವರಿಗೆ ಊಟದ ಸಾಮಾನು ಕೊಳ್ಳೋಕೆ ದುಡ್ಡು ಕೊಡುವ ಯೋಜನೆ, ಹಳೆಯ ಫುಡ್ ಸ್ಟಾಂಪ್. ಈಗ ಚೀಟಿ ಇಲ್ಲ, ಡೆಬಿಟ್ ಕಾರ್ಡ್ ಥರದ ಇಬಿಟಿ ಕಾರ್ಡ್. ತಿಂಗಳಿಗೊಮ್ಮೆ ದುಡ್ಡು ಬೀಳುತ್ತದೆ. ಕಾನೂನು ಬಂದಾಗ ಇದನ್ನು ನೆಚ್ಚಿಕೊಂಡಿದ್ದವರು ಸುಮಾರು 4.2 ಕೋಟಿ ಜನ. ಸರಾಸರಿ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ ಸಿಗೋದು ಹೆಚ್ಚುಕಮ್ಮಿ 6 ಡಾಲರ್. ಮೂರು ಹೊತ್ತಿಗೆ ಸೇರಿ!

ಈ ಕಾರ್ಡಿನಲ್ಲಿ ಸೋಪು ಬರಲ್ಲ, ಮಗುವಿನ ಡೈಪರ್ ಬರಲ್ಲ. ಅಂಗಡಿಯಲ್ಲಿ ಬಿಸಿಬಿಸಿ ಸುಟ್ಟ ಕೋಳಿ ಇಟ್ಟಿದ್ದರೆ ಅದೂ ಬರಲ್ಲ. ಅದೇ ಕೋಳಿಯನ್ನು ತಣ್ಣಗೆ ಮಾಡಿ ಫ್ರಿಜ್‌ನಲ್ಲಿಟ್ಟು ಮಾರಿದರೆ ಬರುತ್ತದೆ. ಮನೆ ಹಿತ್ತಲಲ್ಲಿ ಬೆಳೆಸೋಕೆ ಟೊಮೆಟೊ ಬೀಜ ತಗೋಬಹುದು. 'ಸರ್ಕಾರದ ದುಡ್ಡಲ್ಲಿ ಮಜಾ ಮಾಡ್ತಾರೆ' ಅನ್ನೋರು ಈ ಕಾರ್ಡ್ ಹಿಡಿದು ಒಂದು ವಾರ ಸಂತೆ ಮಾಡಿ ನೋಡಲಿ.

ಈಗ ಕತ್ತರಿಗೆ ಬರೋಣ. ಹತ್ತು ವರ್ಷದಲ್ಲಿ ಮೆಡಿಕೇಡ್‌ನಿಂದ ಸುಮಾರು 90,000 ಕೋಟಿ ಡಾಲರ್, ಸ್ನ್ಯಾಪ್‌ನಿಂದ ಸುಮಾರು 18,600 ಕೋಟಿ ಡಾಲರ್ ಕಡಿತ. ಈ ಕಾನೂನಿನಿಂದಾಗಿ 2034ರ ಹೊತ್ತಿಗೆ ಇನ್ನೂ ಒಂದು ಕೋಟಿ ಜನರಿಗೆ ವಿಮೆ ಇರಲ್ಲ ಅಂತ ಅಂದಾಜು. ವಿರೋಧ ಪಕ್ಷದವರು ಕಟ್ಟಿದ ಲೆಕ್ಕ ಅಂದ್ಕೋಬೇಡಿ, ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನದೇ ಬಜೆಟ್ ಕಚೇರಿ ಹೇಳಿದ್ದು.

ಆದರೆ 'ನಾಳೆಯಿಂದ ನಿಮಗೆ ಕೊಡಲ್ಲ' ಅಂತ ಕಾನೂನಿನಲ್ಲಿ ಬರೆದಿಲ್ಲ. ಬರೆದಿರೋದು ಇಷ್ಟೇ: ಮೆಡಿಕೇಡ್ ವಿಸ್ತರಣೆಯಡಿ, ಅಂದರೆ ರಾಜ್ಯಗಳು ಆದಾಯದ ಮಿತಿ ಸಡಿಲಿಸಿದ್ದರಿಂದ ಸೇರಿದ 19ರಿಂದ 64 ವರ್ಷದವರು ತಿಂಗಳಿಗೆ 80 ಗಂಟೆ ಕೆಲಸ ಮಾಡಬೇಕು, ಓದಬೇಕು ಅಥವಾ ಸೇವೆ ಮಾಡಬೇಕು. ಮಾಡಿದ್ದು ಸಾಬೀತಾಗಬೇಕು. ಆರು ತಿಂಗಳಿಗೊಮ್ಮೆ ಅರ್ಹತೆ ಮತ್ತೆ ಪರಿಶೀಲನೆ. ಇದು ಜಾರಿಗೆ ಬರಲು 2027ರ ಜನವರಿ 1ರ ಗಡುವು.

'ಸರಿ ಅಲ್ವಾ, ಕೈಕಾಲು ಗಟ್ಟಿ ಇರೋರು ದುಡಿಯಲಿ ಬಿಡಿ' ಅಂತ ನಿಮಗೂ ಅನ್ನಿಸಿರಬಹುದು. ಕೇಳೋಕೆ ನ್ಯಾಯವಾಗೇ ಇದೆ. ಅದಕ್ಕೇ ಅರ್ಕಾನ್ಸಾಸ್ ಕಥೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

[ಸ್ಕ್ರೀನ್ ಮೇಲೆ: ಅರ್ಕಾನ್ಸಾಸ್ ನಕ್ಷೆ, 2018]

2018ರ ಜೂನ್‌ನಲ್ಲಿ ಆ ರಾಜ್ಯ ಇದೇ 80 ಗಂಟೆ ಷರತ್ತು ಹಾಕಿತು. ಪ್ರತಿ ತಿಂಗಳೂ ವೆಬ್‌ಸೈಟಿಗೆ ಹೋಗಿ ಎಷ್ಟು ಗಂಟೆ ದುಡಿದೆ ಅಂತ ತುಂಬಬೇಕು. ಮೊದಲ ಕೆಲವು ತಿಂಗಳು ಫೋನಿನಲ್ಲಿ ಹೇಳೋಕೂ ದಾರಿ ಇರಲಿಲ್ಲ. ಆ ವೆಬ್‌ಸೈಟ್ ರಾತ್ರಿ 9ಕ್ಕೆ ಬಂದ್, ಬೆಳಗ್ಗೆ 7ಕ್ಕೆ ಓಪನ್! ಹಗಲೆಲ್ಲ ಹೋಟೆಲಲ್ಲಿ ಪಾತ್ರೆ ತೊಳೆದು ಹತ್ತು ಗಂಟೆಗೆ ಮನೆಗೆ ಬಂದವರು 'ನಾನು ದುಡಿದಿದ್ದೀನಿ' ಅಂತ ಹೇಳೋಕೆ ಹೋದರೆ ಬಾಗಿಲು ಮುಚ್ಚಿದೆ. ಕೆಲವೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಜನ ಪಟ್ಟಿಯಿಂದ ಹೊರಬಿದ್ದರು. 2019ರ ಮಾರ್ಚ್‌ನಲ್ಲಿ ನ್ಯಾಯಾಲಯ ಇದನ್ನು ನಿಲ್ಲಿಸಿತು.

ಆಮೇಲೆ ಹಾರ್ವರ್ಡ್ ಸಂಶೋಧಕರು ಲೆಕ್ಕ ಹಾಕಿದರು. ಕೆಲಸ ಮಾಡುವವರ ಸಂಖ್ಯೆ ಹೆಚ್ಚಿರಲಿಲ್ಲ. ಷರತ್ತಿಗೆ ಒಳಪಟ್ಟವರಲ್ಲಿ ಶೇ. 95ಕ್ಕೂ ಹೆಚ್ಚು ಮಂದಿ ಮೊದಲಿಂದಲೂ ಷರತ್ತು ಪೂರೈಸುತ್ತಿದ್ದರು, ಇಲ್ಲವೇ ವಿನಾಯಿತಿ ಸಿಗಬೇಕಾದವರಾಗಿದ್ದರು. ಸೋಮಾರಿಗಳನ್ನು ಹಿಡಿಯೋಕೆ ಬೀಸಿದ ಬಲೆಗೆ ದುಡಿಯೋರೇ ಬಿದ್ದರು. ನ್ಯಾಯಬೆಲೆ ಅಂಗಡಿ ಮುಂದೆ 'ಥಂಬ್ ಬರ್ತಿಲ್ಲ, ನಾಳೆ ಬನ್ನಿ' ಅನ್ನಿಸಿಕೊಂಡ ನಮ್ಮೂರಿನವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತದೆ.

ಸ್ನ್ಯಾಪ್‌ನಲ್ಲೂ ಇದೇ ಧಾಟಿ. ಕೆಲಸದ ಷರತ್ತು 54 ವರ್ಷದವರೆಗೆ ಇದ್ದದ್ದು ಈಗ 64ಕ್ಕೆ ಏರಿದೆ. ಜೊತೆಗೆ ಇನ್ನೊಂದು ಕಿತಾಪತಿ. ಇಷ್ಟು ವರ್ಷ ಸ್ನ್ಯಾಪ್ ಆಹಾರದ ದುಡ್ಡು ಪೂರ್ತಿ ಕೇಂದ್ರದ್ದು. 2027ರ ಅಕ್ಟೋಬರ್‌ನಿಂದ, ಹಣ ಹಂಚುವಾಗಿನ ತಪ್ಪು ಶೇ. 6 ಮುಟ್ಟಿದ ರಾಜ್ಯಗಳು ತಮ್ಮ ಜೇಬಿನಿಂದ ಶೇ. 5ರಿಂದ 15ರವರೆಗೆ ಕೊಡಬೇಕು. ತಪ್ಪು ಅಂದರೆ ಬಹುತೇಕ ಕಳ್ಳತನ ಅಲ್ಲ, ಲೆಕ್ಕದ ಹೆಚ್ಚುಕಮ್ಮಿ. ಕಡಿಮೆ ಕೊಟ್ಟರೂ ತಪ್ಪೇ. ತಮಾಷೆ ಗೊತ್ತಾ? ತಪ್ಪಿನ ಪ್ರಮಾಣ ತೀರಾ ಜಾಸ್ತಿ ಇರುವ ರಾಜ್ಯಗಳಿಗೆ ಇನ್ನಷ್ಟು ಕಾಲಾವಕಾಶ ಕೊಟ್ಟಿದ್ದಾರೆ! 2024ರಲ್ಲಿ ಅಲಾಸ್ಕದ ತಪ್ಪು ಶೇ. 24 ದಾಟಿತ್ತು. ಅಲ್ಲಿನ ಸೆನೆಟರ್ ಲೀಸಾ ಮರ್ಕೌಸ್ಕಿ ಅವರ ಮತ ಇಲ್ಲದಿದ್ದರೆ ಮಸೂದೆ ಬಿದ್ದುಹೋಗುತ್ತಿತ್ತು. ಉಳಿದದ್ದು ನಿಮ್ಮ ಊಹೆಗೆ ಬಿಟ್ಟೆ.

'ಫುಡ್ ಬ್ಯಾಂಕ್‌ಗಳಿವೆಯಲ್ಲ' ಅನ್ನುವ ಮಾತಿದೆ. ಕನ್ನಡ ಕೂಟಗಳೂ ಅಕ್ಕಿ, ಬೇಳೆ ಸೇರಿಸಿ ಕೊಡುತ್ತವೆ, ತುಂಬಾ ಒಳ್ಳೇದು. ಆದರೆ ಫುಡ್ ಬ್ಯಾಂಕ್ ಜಾಲ ಒಂದು ಊಟ ಕೊಟ್ಟರೆ ಸ್ನ್ಯಾಪ್ ಒಂಬತ್ತು ಕೊಡುತ್ತದೆ ಅಂತ ಆ ಜಾಲದವರೇ ಹೇಳುತ್ತಾರೆ. 2025ರ ನವೆಂಬರ್‌ನಲ್ಲಿ ಸರ್ಕಾರ ಬಂದ್ ಆಗಿ ಸ್ನ್ಯಾಪ್ ದುಡ್ಡು ತಡವಾದಾಗ ದಾನಿಗಳ ಕೈಯಲ್ಲಿ ಎಷ್ಟಾಗುತ್ತದೆ ಅಂತ ಎಲ್ಲರಿಗೂ ಗೊತ್ತಾಯಿತು.

'ನಾವು ಎಚ್‌-1ಬಿ ವೀಸಾದವರು, ನಮಗೆ ಇದೆಲ್ಲ ಸಿಗೋದೇ ಇಲ್ಲ' ಅಂತೀರಾ? ಬಹುಮಟ್ಟಿಗೆ ನಿಜ. ಗ್ರೀನ್ ಕಾರ್ಡ್ ಮೇಲೆ ಬಂದ ಅಪ್ಪ ಅಮ್ಮಂದಿರೂ ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಆದರೆ ಮೆಡಿಕೇಡ್ ದುಡ್ಡು ನಿಂತು ಸಣ್ಣ ಊರಿನ ಆಸ್ಪತ್ರೆ ಹೆರಿಗೆ ವಾರ್ಡ್ ಮುಚ್ಚಿದರೆ, ಕಂಪನಿ ಇನ್ಶೂರೆನ್ಸ್ ಇಟ್ಟುಕೊಂಡವರಿಗೂ ಆ ವಾರ್ಡ್ ಇರಲ್ಲ.

[ಸ್ಕ್ರೀನ್ ಮೇಲೆ: ಮತ ಯಾರದು?]

ನಿಮ್ಮ ಸಂಸದರಿಗೆ ಫೋನ್ ಮಾಡಿದರೆ ಏನಾಗುತ್ತೆ ಅಂತ ಕೇಳಬಹುದು. ಅಂತಿಮ ಮತದಲ್ಲಿ ಅಂತರ ಬಹಳ ಸಣ್ಣದು. ಕೆಳಮನೆಯಲ್ಲಿ 218–214. ಬೆಳಗಾವಿಯಲ್ಲಿ ಬೆಳೆದು ಮಿಷಿಗನ್‌ನಿಂದ ಗೆದ್ದ ಶ್ರೀ ಥಾನೇದಾರ್ ಸೇರಿ ಎಲ್ಲ ಡೆಮಾಕ್ರಾಟರೂ ವಿರುದ್ಧ ಮತ ಹಾಕಿದರು, ಅವರ ಜೊತೆ ಇಬ್ಬರು ರಿಪಬ್ಲಿಕನ್ನರು. ಸೆನೆಟ್‌ನಲ್ಲಿ ಮೂವರು ರಿಪಬ್ಲಿಕನ್ನರು ಬೇಡ ಅಂದರು. ಅವರಲ್ಲಿ ನಾರ್ತ್ ಕರೊಲಿನಾದ ಥಾಮ್ ಟಿಲಿಸ್, ತಮ್ಮ ರಾಜ್ಯದ 6,63,000 ಜನ ಮೆಡಿಕೇಡ್ ಕಳಕೊಂಡರೆ ಅವರಿಗೆ ಏನಂತ ಹೇಳಲಿ ಅಂತ ಸದನದಲ್ಲೇ ಕೇಳಿದರು.

ಕಾನೂನು ಮಾಡಿದವರೇ ಅದನ್ನು ತಿದ್ದಬಹುದು, ಮುಂದೂಡಬಹುದು. ಕಾಂಗ್ರೆಸ್ಸಿನ ಸ್ವಿಚ್‌ಬೋರ್ಡ್ ನಂಬರ್ 202-224-3121. ನಿಮ್ಮ ಜಿಪ್ ಕೋಡ್ ಹೇಳಿ. ಸಿಟಿಜನ್ ಆಗಿರಲೇಬೇಕು ಅಂತಿಲ್ಲ, ಆ ಕ್ಷೇತ್ರದಲ್ಲಿ ವಾಸ ಇದ್ದರೆ ನೀವೂ ಅಲ್ಲಿನವರೇ. ಸಿಬ್ಬಂದಿ ಕರೆಗಳ ಲೆಕ್ಕ ಇಡುತ್ತಾರೆ. ಭಾಷಣ ಬೇಡ, ಮೂರು ವಾಕ್ಯ ಸಾಕು: ನಾನು ಇಂಥಲ್ಲಿರೋನು, ಮೆಡಿಕೇಡ್ ಮತ್ತು ಸ್ನ್ಯಾಪ್ ಕಡಿತ ರದ್ದು ಮಾಡುವ ಮಸೂದೆ ಬಂದರೆ ಬೆಂಬಲಿಸಿ, ಹೊಸ ಕಡಿತ ಬಂದರೆ ವಿರೋಧಿಸಿ.

ಜನ ಮರೆಯೋದು ರಾಜ್ಯದ ಶಾಸಕರನ್ನು. ಹೊಸ ಅರ್ಜಿದಾರರಿಂದ ಎಷ್ಟು ತಿಂಗಳ ದುಡಿಮೆಯ ದಾಖಲೆ ಕೇಳಬೇಕು ಅನ್ನೋದನ್ನು ರಾಜ್ಯವೇ ತೀರ್ಮಾನಿಸುತ್ತದೆ. ಒಂದೂ ಆಗಬಹುದು, ಮೂರೂ ಆಗಬಹುದು. ಒಂದೇ ತಿಂಗಳು ಸಾಕು ಅನ್ನಿ. ಸಂಬಳದ ದಾಖಲೆಯನ್ನು ಇಲಾಖೆಯೇ ತೆಗೆದು ನೋಡಲಿ, ಫೋನಲ್ಲೂ ಅಂಚೆಯಲ್ಲೂ ವಿವರ ತಗೊಳ್ಳಲಿ, ಅರ್ಜಿ ನೋಡೋಕೆ ಸಾಕಷ್ಟು ಸಿಬ್ಬಂದಿ ಇರಲಿ ಅಂತ ಕೇಳಿ. ಟೆಕ್ಸಾಸ್, ಫ್ಲೋರಿಡಾದವರು ಗಮನಿಸಿ: ನಿಮ್ಮ ರಾಜ್ಯಗಳು ಮೆಡಿಕೇಡ್ ವಿಸ್ತರಣೆಯನ್ನೇ ಮಾಡಿಲ್ಲ, ಆದ್ದರಿಂದ ಅಲ್ಲಿ ನೀವು ಹಿಡಿದು ಕೇಳಬೇಕಾದ್ದು ಸ್ನ್ಯಾಪ್ ವಿಚಾರ. ಆಫೀಸ್ ಮುಚ್ಚಿದ ಮೇಲೆ ಫೋನ್ ಮಾಡಿದರೆ ವಾಯ್ಸ್‌ಮೇಲ್‌ಗೆ ಹೋಗುತ್ತದೆ. ಅದರಲ್ಲೂ ಹೆಸರು, ಜಿಪ್ ಕೋಡ್ ಹೇಳಿಯೇ ಇಡಿ.