ಕತ್ತಲೆ ಕೋಣೆಯ ಮೂಲೆಯಲ್ಲಿ ಒಂದು ಸ್ಟೂಲು

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚಿನ ಈ ಅರ್ಧ ಗಂಟೆಯನ್ನು ನನಗೆ ಬಿಟ್ಟುಕೊಟ್ಟ ಕನ್ನಡ ಕೂಟದ ಗೆಳೆಯರಿಗೆ ವಂದನೆಗಳು.

ಓಹಾಯೋದಲ್ಲಿ ಆಪ್ಟೊಮೆಟ್ರಿಸ್ಟ್ ಆಗಿ ಕೆಲಸ ಮಾಡುತ್ತಾ ನನಗೆ ಹದಿನೆಂಟು ವರ್ಷಗಳಾದವು. ಪ್ರತಿ ಬೇಸಿಗೆಯಲ್ಲೂ ನಿಮ್ಮಲ್ಲಿ ಕೆಲವರಿಂದ ಒಂದೇ ಬಗೆಯ ಕರೆ ಬರುತ್ತದೆ. "ಮಗಳು ಆಪ್ಟೊಮೆಟ್ರಿ ಶಾಲೆಗೆ ಅರ್ಜಿ ಹಾಕುತ್ತಿದ್ದಾಳೆ. ಶ್ಯಾಡೋಯಿಂಗ್ ಗಂಟೆಗಳು ಬೇಕಂತೆ. ನಿಮ್ಮ ಹತ್ತಿರ ಕಳುಹಿಸಲೇ?" ಶ್ಯಾಡೋಯಿಂಗ್ ಎಂದರೆ ವೈದ್ಯರು ಕೆಲಸ ಮಾಡುವುದನ್ನು ಪಕ್ಕದಲ್ಲಿದ್ದು ನೋಡುವುದು. ಕರೆಯಲ್ಲಿ ಮಾತಾಡುವವರು ಅಪ್ಪ, ಇಲ್ಲವೇ ಅಮ್ಮ. ಮಗಳು ಪಕ್ಕದಲ್ಲೇ ಕುಳಿತಿರುವುದು ನನಗೆ ಕೇಳಿಸುತ್ತಿರುತ್ತದೆ. ಇವತ್ತು ಆ ಕರೆಯ ಬಗ್ಗೆಯೇ ಮಾತಾಡಬೇಕೆಂದಿದ್ದೇನೆ.

ಅದಕ್ಕೂ ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ನಮ್ಮ ಭಾಷೆಯಲ್ಲಿ 'ಕಣ್ಣಿನ ಡಾಕ್ಟರು' ಎಂಬ ಒಂದೇ ಮಾತು ಎಲ್ಲರಿಗೂ ಸಲ್ಲುತ್ತದೆ. ಹಿರಿಯರಿಗೆ ಅದನ್ನು ಕೇಳಿದೊಡನೆ ಬೆಂಗಳೂರಿನ ಮಿಂಟೋ ಆಸ್ಪತ್ರೆ, ಡಾ. ಎಂ. ಸಿ. ಮೋದಿಯವರ ಶಿಬಿರಗಳು ನೆನಪಾಗುತ್ತವೆ. ಮೋದಿಯವರು ಪೊರೆ ತೆಗೆಯುತ್ತಿದ್ದ ಶಸ್ತ್ರವೈದ್ಯರು. ಅಮೆರಿಕದಲ್ಲಿ ಆ ಕೆಲಸ ಆಫ್ತಲ್ಮಾಲಜಿಸ್ಟ್‌ಗಳದು. ಅವರು ವೈದ್ಯಕೀಯ ಕಾಲೇಜಿನ ದಾರಿಯಲ್ಲಿ ಬಂದವರು. ಆಪ್ಟೊಮೆಟ್ರಿಯದು ಬೇರೆಯೇ ದಾರಿ. ಕಾಲೇಜು ಮುಗಿದ ಮೇಲೆ ನಾಲ್ಕು ವರ್ಷ ಓದಿ ಓ.ಡಿ., ಅಂದರೆ ಡಾಕ್ಟರ್ ಆಫ್ ಆಪ್ಟೊಮೆಟ್ರಿ ಪದವಿ ಪಡೆಯಬೇಕು. ಕನ್ನಡಕದ ಅಳತೆ, ಕಾಂಟ್ಯಾಕ್ಟ್ ಲೆನ್ಸು, ಗ್ಲಾಕೋಮಾದ ಹನಿಗಳು, ಸಕ್ಕರೆ ಕಾಯಿಲೆಯವರ ಕಣ್ಣಿನ ತಪಾಸಣೆ ಇವೆಲ್ಲ ನಮ್ಮ ಪಾಲು. ಪರಿಚಯದ ಶಸ್ತ್ರವೈದ್ಯರ ಜೊತೆ ನಿಂತು ಕಳೆದ ಗಂಟೆಗಳು ಒಳ್ಳೆಯ ಅನುಭವವೇ, ಆದರೆ ನೀವು ಸೇರಬೇಕೆಂದಿರುವ ವೃತ್ತಿಯನ್ನು ಅವು ತೋರಿಸುವುದಿಲ್ಲ.

ಹಾಗೆ ನೋಡಲು ಬಂದವರಿಗೆ ಕೋಣೆಯ ಮೂಲೆಯಲ್ಲಿ ಒಂದು ಸ್ಟೂಲು ಹಾಕುತ್ತಾರೆ. ನಾನು ಮೊದಲು ಆ ಸ್ಟೂಲಿನ ಮೇಲೆ ಕುಳಿತದ್ದು ಕಾಲೇಜಿನ ಎರಡನೆಯ ವರ್ಷದಲ್ಲಿ. ಅದಕ್ಕೆ ಮುಂಚೆ ಏಳು ಕ್ಲಿನಿಕ್‌ಗಳು ಬೇಡವೆಂದಿದ್ದವು. ಎಂಟನೆಯದು ನಾನೇ ಕಣ್ಣು ತೋರಿಸಿಕೊಳ್ಳುತ್ತಿದ್ದ ಕ್ಲಿನಿಕ್. ಅಲ್ಲಿ ಕೇಳಬಹುದೆಂದು ನನಗೆ ಹೊಳೆದಿರಲೇ ಇಲ್ಲ. ಹಿರಿಯ ವೈದ್ಯರು ತಲೆಯಾಡಿಸಿ, "ಬುಧವಾರ ಬಾ, ಪೆನ್ನು ತಾ" ಎಂದರು.

ಆ ಬುಧವಾರ ಒಂದೂವರೆ ವರ್ಷದ ಮಗು ಬಂದಿತ್ತು. ಅಕ್ಷರ ಓದಲು ಬಾರದು, "ಇದು ಸ್ಪಷ್ಟವೋ, ಅದು ಸ್ಪಷ್ಟವೋ" ಎಂದು ಕೇಳುವಂತಿಲ್ಲ. ವೈದ್ಯರು ದೀಪ ಆರಿಸಿ, ಕಣ್ಣಿಗೆ ಬೆಳಕು ಹಾಯಿಸಿ ಅಳತೆ ನೋಡುವ ರೆಟಿನೋಸ್ಕೋಪ್ ಎಂಬ ಉಪಕರಣವನ್ನು ಕೈಗೆತ್ತಿಕೊಂಡರು. ತೆಳುವಾದ ಒಂದು ಬೆಳಕಿನ ಪಟ್ಟಿ ಮಗುವಿನ ಕಣ್ಣಿನ ಮೇಲೆ ಹಾದುಹೋಯಿತು. ಪಾಪೆಯೊಳಗೆ ಕೆಂಡದ ಬಣ್ಣದ ಬೆಳಕೊಂದು ಅದರ ಜೊತೆಗೇ ಸರಿಯಿತು. ಅವರು ಒಂದು ಮಸೂರ ಹಿಡಿದರು, ಬೆಳಕು ಇನ್ನೂ ಸರಿಯಿತು. ಇನ್ನೊಂದು, ಮತ್ತೊಂದು ಹಿಡಿದರು. ಒಂದು ಮಸೂರಕ್ಕೆ ಬಂದಾಗ ಆ ಓಡಾಟ ನಿಂತು ಪಾಪೆಯಿಡೀ ಒಮ್ಮೆಗೇ ಬೆಳಗಿತು. ಮಗು ಒಂದು ಮಾತನ್ನೂ ಆಡದೆ ತನ್ನ ಕಣ್ಣಿನ ಅಳತೆಯನ್ನು ಹೇಳಿಬಿಟ್ಟಿತ್ತು. ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು, ತಮ್ಮ ಭುಜದ ಮಟ್ಟಕ್ಕೆ ಬಗ್ಗಿ ನೋಡಲು ಹೇಳಿದರು. ನನ್ನ ಬದುಕು ಆ ಮಧ್ಯಾಹ್ನ ತೀರ್ಮಾನವಾಯಿತು.

ಅದೇ ದಿನ ಐವತ್ತರ ಆಸುಪಾಸಿನ ಲಾರಿ ಚಾಲಕರೊಬ್ಬರು ಓದುವ ಕನ್ನಡಕ ಬೇಕೆಂದು ಬಂದರು. ಹನಿ ಹಾಕಿ ಕಣ್ಣಿನ ಹಿಂಭಾಗ ನೋಡಿದಾಗ ಅಲ್ಲಲ್ಲಿ ರಕ್ತಸ್ರಾವದ ಚುಕ್ಕೆಗಳು. ಅವರಿಗೆ ಸಕ್ಕರೆ ಕಾಯಿಲೆ ಇರುವುದು ಅವರಿಗೇ ಗೊತ್ತಿರಲಿಲ್ಲ. ವೈದ್ಯರು ಪೆನ್ನು ಕೆಳಗಿಟ್ಟು, ಕಂಪ್ಯೂಟರಿಗೆ ಬೆನ್ನು ಮಾಡಿ, ಅವರಿಗೆ ಎದುರಾಗಿ ಕುಳಿತು ವಿಷಯ ಹೇಳಿದರು. ಹೇಳಿದ ಮೇಲೆ ಆ ಚಾಲಕರು ಮಾತಾಡುವವರೆಗೆ ಸುಮ್ಮನಿದ್ದರು. ಆ ಮೌನವನ್ನು ಪುಸ್ತಕದಲ್ಲಿ ಕಲಿಯಲು ಬರುವುದಿಲ್ಲ. ಶಾಲೆಗಳು ಶ್ಯಾಡೋಯಿಂಗ್ ಕೇಳುವುದು ಇಂಥದ್ದನ್ನು ಕಂಡು ಬಂದಿದ್ದೀರಾ ಎಂದು ತಿಳಿಯಲಿಕ್ಕೆ. ಜೊತೆಗೆ, ನಾಲ್ಕು ವರ್ಷದ ಕೊನೆಗೆ ಸಾಲ ಎರಡು ಲಕ್ಷ ಡಾಲರ್ ದಾಟುವುದು ಇಲ್ಲಿ ಅಪರೂಪವೇನಲ್ಲ. ದಿನವಿಡೀ ಮಂದ ಬೆಳಕಿನ ಕೋಣೆಯಲ್ಲಿ ಇಪ್ಪತ್ತು ಮಂದಿಗೆ ಅದೇ ಪ್ರಶ್ನೆ ಕೇಳುವುದು ನಿಮಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದು ಸಾಲ ಮಾಡುವ ಮುಂಚೆಯೇ ಗೊತ್ತಾಗಲಿ.

ಹುಡುಕುವುದು ಎಲ್ಲಿ? ನಿಮ್ಮ ಕಣ್ಣು ನೋಡುವವರಿಂದ ಶುರುಮಾಡಿ. ಅವರು ಆಗದೆಂದರೆ, "ಒಪ್ಪಬಹುದಾದವರು ಯಾರಾದರೂ ಗೊತ್ತೇ?" ಎಂದು ಕೇಳದೆ ಎದ್ದು ಬರಬೇಡಿ. ಈ ವೃತ್ತಿಯ ಬಳಗ ಚಿಕ್ಕದು, ಒಬ್ಬರ ಮಾತಿಗೆ ಇನ್ನೊಬ್ಬರ ಬಾಗಿಲು ತೆರೆಯುತ್ತದೆ. ಅಮೆರಿಕನ್ ಆಪ್ಟೊಮೆಟ್ರಿಕ್ ಅಸೋಸಿಯೇಷನ್ನಿನ ಜಾಲತಾಣದಲ್ಲಿ ಪಿನ್ ಕೋಡ್ ಹಾಕಿದರೆ ಹತ್ತಿರದವರ ಹೆಸರುಗಳು ಸಿಗುತ್ತವೆ. ದೊಡ್ಡ ಅಂಗಡಿಗಳೊಳಗಿನ ಕ್ಲಿನಿಕ್‌ಗಳನ್ನು ಮರೆಯಬೇಡಿ. ಅಲ್ಲಿನ ವೈದ್ಯರು ಎಷ್ಟೋ ಕಡೆ ಜಾಗ ಬಾಡಿಗೆಗೆ ಪಡೆದ ಸ್ವತಂತ್ರರು. ಆದ್ದರಿಂದ ಕನ್ನಡಕ ಮಾರುವ ಕೌಂಟರಿನಲ್ಲಿ ಕೇಳಿ 'ಇಲ್ಲ' ಎನಿಸಿಕೊಂಡು ಬರುವ ಬದಲು ಒಳಗಿರುವ ವೈದ್ಯರನ್ನೇ ಕೇಳಬೇಕು.

ಒಬ್ಬರನ್ನೇ ನೋಡಿ ಸುಮ್ಮನಾಗಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಸ್ವಂತ ಕ್ಲಿನಿಕ್ಕಿನ ವೈದ್ಯೆ ಸಂಬಳ, ವಿಮೆ, ಸೋರುವ ಚಾವಣಿ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕಾಯಿಲೆಯ ಕಣ್ಣುಗಳೇ ಹೆಚ್ಚು. ಮಂದದೃಷ್ಟಿಯ ಕ್ಲಿನಿಕ್ಕಿನಲ್ಲಿ ಎಂಬತ್ತರ ಅಜ್ಜಿಗೆ ಭೂತಗನ್ನಡಿ ಹಿಡಿದು ಮೊಮ್ಮಗನ ಪತ್ರ ಓದುವುದನ್ನು ಕಲಿಸುತ್ತಾರೆ. ರಾಜ್ಯವೂ ಮುಖ್ಯ. ಒಕ್ಲಹೋಮದಲ್ಲಿ 1998ರಿಂದ, ಕೆಂಟಕಿಯಲ್ಲಿ 2011ರಿಂದ ಆಪ್ಟೊಮೆಟ್ರಿಸ್ಟ್‌ಗಳು ಕೆಲವು ಲೇಸರ್ ಚಿಕಿತ್ಸೆಗಳನ್ನು ಮಾಡಬಹುದು. ಎಷ್ಟೋ ರಾಜ್ಯಗಳಲ್ಲಿ ಅದಕ್ಕೆ ಅವಕಾಶವಿಲ್ಲ. ನೀವು ಎಲ್ಲಿ ನಿಂತು ನೋಡುತ್ತೀರಿ ಎಂಬುದರ ಮೇಲೆ ನಿಮಗೆ ಕಾಣುವ ವೃತ್ತಿಯೇ ಬದಲಾಗುತ್ತದೆ.

ಇನ್ನು ಕೇಳುವ ಬಗೆ. ಅಪರಿಚಿತ ಇಮೇಲ್‌ಗಳು ನಮ್ಮಲ್ಲಿ ತೆರೆಯದೆ ಉಳಿಯುತ್ತವೆ. ಹೋಗಿ, ಮುಂಬಾಗಿಲಲ್ಲಿ ಕುಳಿತವರಿಗೆ ನಮಸ್ಕಾರ ಹೇಳಿ, ಒಂದು ಪುಟದ ಚೀಟಿ ಕೊಡಿ. ನಿಮ್ಮ ಹೆಸರು, ಕಾಲೇಜು, ಯಾವ ವರ್ಷ ಅರ್ಜಿ ಹಾಕುತ್ತೀರಿ, ಯಾವ ದಿನಗಳು ಬಿಡುವು, ಅಷ್ಟು ಸಾಕು. ನಲವತ್ತು ಗಂಟೆ ಕೇಳಿದರೆ ಯಾರೇ ಆದರೂ ಹಿಂಜರಿಯುತ್ತಾರೆ. ಒಂದು ಅರ್ಧ ದಿನ ಕೇಳಿ. ಚೆನ್ನಾಗಿ ನಡೆದರೆ ಅವರೇ ಮತ್ತೆ ಕರೆಯುತ್ತಾರೆ. ಆಗಸ್ಟಿನಲ್ಲಿ ಶಾಲೆ ತೆರೆಯುವ ಗಡಿಬಿಡಿ, ಡಿಸೆಂಬರಿನಲ್ಲಿ ವಿಮೆಯ ವರ್ಷ ಮುಗಿಯುವ ಗಡಿಬಿಡಿ. ಆ ಎರಡು ತಿಂಗಳು ಬಿಟ್ಟು ಕೇಳಿ. ರೋಗಿಗಳ ಖಾಸಗಿತನ ಕಾಯುವ 'ಹಿಪಾ' ಎಂಬ 1996ರ ಕಾನೂನಿಗೆ ಸಂಬಂಧಿಸಿದ ಪತ್ರಕ್ಕೆ ಸಹಿ ಕೇಳುತ್ತಾರೆ, ಬೇಸರಿಸಬೇಡಿ. ಕೆಲವರು ನಿರಾಕರಿಸುವುದು ಕೇವಲ ಕೋಣೆ ಚಿಕ್ಕದೆಂಬ ಕಾರಣಕ್ಕೆ. ಅಕ್ಷರ ಫಲಕಕ್ಕೆ ಇಪ್ಪತ್ತು ಅಡಿ ದೂರ ಬೇಕು, ನಮ್ಮ ಕೋಣೆಗಳಲ್ಲಿ ಅದನ್ನು ಕನ್ನಡಿ ಇಟ್ಟು ತಂದುಕೊಳ್ಳುತ್ತೇವೆ. ಅಷ್ಟು ಇಕ್ಕಟ್ಟಿನಲ್ಲಿ ಇನ್ನೊಬ್ಬರಿಗೆ ಸ್ಟೂಲು ಹಾಕುವುದು ಸುಲಭವಲ್ಲ.

ಒಂದು ನೋಟ್‌ಬುಕ್ ಇರಲಿ. ದಿನಾಂಕ, ಗಂಟೆ, ಕಂಡದ್ದು. ರೋಗಿಯ ಹೆಸರು ಎಂದಿಗೂ ಬೇಡ. ಹಲವು ಶಾಲೆಗಳಿಗೆ ಒಂದೇ ಅರ್ಜಿ ಹಾಕುವ ಆಪ್ಟಮ್‌ಕ್ಯಾಸ್ ಎಂಬ ವ್ಯವಸ್ಥೆಯಲ್ಲಿ ಈ ಗಂಟೆಗಳನ್ನು ತುಂಬಬೇಕಾಗುತ್ತದೆ. ಎಷ್ಟು ಗಂಟೆ ಬೇಕೆಂಬುದು ಶಾಲೆಯಿಂದ ಶಾಲೆಗೆ ಬೇರೆ, ಅವರನ್ನೇ ಕೇಳಿ. ಆಪ್ಟೊಮೆಟ್ರಿಸ್ಟ್ ಒಬ್ಬರ ಶಿಫಾರಸು ಪತ್ರವನ್ನು ಹಲವು ಶಾಲೆಗಳು ಬಯಸುತ್ತವೆ. ನಿಮ್ಮನ್ನು ನಾಲ್ಕು ಗಂಟೆ ಮಾತ್ರ ಕಂಡವರು ಏನು ಬರೆದಾರು? ಆದ್ದರಿಂದ ಅರ್ಜಿ ಹಾಕುವ ಬೇಸಿಗೆಗೆ ಕಾಯದೆ ಒಂದೆರಡು ವರ್ಷ ಮುಂಚೆಯೇ ಹೋಗಿ.

ತಂದೆ ತಾಯಂದಿರಿಗೆ ಒಂದು ಮಾತು. ಮಕ್ಕಳ ಪರವಾಗಿ ಕೈಮುಗಿಯುವುದು ನಮ್ಮಲ್ಲಿ ಪ್ರೀತಿಯೇ. ನನ್ನ ಅಪ್ಪನೂ ಹಾಗೆಯೇ ಮಾಡುತ್ತಿದ್ದರೇನೋ, ಆದರೆ ಅವರಿಗೆ ಇಲ್ಲಿ ಯಾರೂ ಪರಿಚಯವಿರಲಿಲ್ಲ. ಹಾಗಾಗಿ ಏಳು ಬಾಗಿಲುಗಳನ್ನು ನಾನೇ ತಟ್ಟಿದೆ. ಗುರುತಿಲ್ಲದವರ ಮುಂದೆ ನಿಂತು ನಾನು ಯಾರು, ನನಗೆ ಏನು ಬೇಕು ಎಂದು ಹೇಳುವುದನ್ನು ಅಲ್ಲೇ ಕಲಿತೆ. ಇವತ್ತು ದಿನಕ್ಕೆ ಇಪ್ಪತ್ತು ಸಲ ನಾನು ಗುರುತಿಲ್ಲದವರ ಎದುರು ಕೂರುತ್ತೇನೆ. ನಿಮ್ಮ ಮಗನಿಗೆ, ಮಗಳಿಗೆ ಆ ಬಾಗಿಲುಗಳನ್ನು ಬಿಟ್ಟುಕೊಡಿ.

ನನ್ನ ಕ್ಲಿನಿಕ್ಕಿನಲ್ಲಿ ಬುಧವಾರ ಮಧ್ಯಾಹ್ನ ಒಂದು ಸ್ಟೂಲು ಇರುತ್ತದೆ. ಮುಂದಿನ ತಿಂಗಳ ಎರಡು ಬುಧವಾರಗಳು ಖಾಲಿ ಇವೆ. ಕ್ಲಿನಿಕ್ಕಿನ ಸಂಖ್ಯೆಯನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ. ವಿದ್ಯಾರ್ಥಿಗಳೇ, ಸೋಮವಾರ ಬೆಳಿಗ್ಗೆ ಹತ್ತರ ನಂತರ ಕರೆ ಮಾಡಿ.