ತೂಕದ ಆಪರೇಷನ್ ಆದಮೇಲೆ ಮೀನಖಂಡ ಹಿಡಿದರೆ

ಕೇಳುಗರಿಗೆ ನಮಸ್ಕಾರ.

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರು ಎರಡು ಮೂರು ವಾರ ಬಿಟ್ಟು ತೋರಿಸಿಕೊಳ್ಳಲು ಬರುತ್ತಾರೆ. ಹೊಟ್ಟೆ ಹೇಗಿದೆ ಅಂತ ಕೇಳಿದರೆ ಚೆನ್ನಾಗಿದೆ ಅನ್ನುತ್ತಾರೆ. ಗೋಳೆಲ್ಲ ಕಾಲಿನದು. "ಮೇಡಂ, ನಡುರಾತ್ರಿ ಮೀನಖಂಡ ಹಿಡ್ಕೊಳ್ಳುತ್ತೆ. ಕಲ್ಲಿನ ಥರ ಗಟ್ಟಿ ಆಗಿಬಿಡುತ್ತೆ. ಮನೆಯವರೆಲ್ಲ ಎದ್ದು ಕೂರೋ ಹಾಗೆ ಕಿರುಚ್ತೀನಿ." ಇಂಥವರಿಗೆ ಊಟ, ಪಥ್ಯ ಹೇಳುವುದೇ ನನ್ನ ಕೆಲಸ. ಹಾಗಾಗಿ ಈ ದೂರು ಕೇಳದ ವಾರವೇ ಇಲ್ಲ.

ಮೊದಲು ಆ ಗಳಿಗೆಯಲ್ಲಿ ಏನು ಮಾಡಬೇಕು ಅಂತ ಹೇಳಿಬಿಡುತ್ತೇನೆ. ಮಂಡಿ ಮಡಿಸದೆ ಕಾಲು ನೀಳವಾಗಿ ಚಾಚಿ. ಬೆರಳುಗಳನ್ನು ನಿಮ್ಮ ಮುಖದ ಕಡೆಗೆ ಎಳೆದುಕೊಳ್ಳಿ. ಹೊಟ್ಟೆಯ ಮೇಲೆ ಗಾಯ ಇರುವಾಗ ಬಗ್ಗಿ ಪಾದ ಹಿಡಿಯುವುದು ಕಷ್ಟ, ಅಲ್ವಾ? ಅದಕ್ಕೆ ಹಾಸಿಗೆ ಪಕ್ಕ ಒಂದು ಟವೆಲ್ ಇರಲಿ. ಅದನ್ನು ಪಾದದ ಅಡಿಗೆ ಕೊಟ್ಟು ಎರಡೂ ತುದಿ ಹಿಡಿದು ನಿಧಾನವಾಗಿ ಎಳೆಯಿರಿ. ಸೆಳೆತ ಬಿಟ್ಟಮೇಲೆ ಬಿಸಿನೀರಿನ ಚೀಲ ಇಟ್ಟುಕೊಳ್ಳಬಹುದು. ಕೆಲವರಿಗೆ ಎದ್ದು ಹಿಮ್ಮಡಿ ಊರಿ ನಿಂತರೆ ಬೇಗ ಬಿಡುತ್ತದೆ. ಆದರೆ ಏಳುವಾಗ ತಲೆ ತಿರುಗುವವರಿಗೆ ಆ ಸಾಹಸ ಬೇಡ.

ಇನ್ನು, ಇದು ಯಾಕೆ ಬರುತ್ತದೆ? ಹೆಚ್ಚಿನವರಲ್ಲಿ ನೀರು ಸಾಲದೆ ಬರುತ್ತದೆ. ಸ್ಲೀವ್ ಆಪರೇಷನ್ನಿನಲ್ಲಿ ಜಠರದ ನೂರಕ್ಕೆ 75ರಿಂದ 80 ಭಾಗ ತೆಗೆದುಬಿಡುತ್ತಾರೆ. ಬೈಪಾಸಿನಲ್ಲಿ, ಅಂದರೆ ಹೃದಯದ್ದಲ್ಲ, ಜಠರದ ಬೈಪಾಸಿನಲ್ಲಿ, ಊಟಕ್ಕೆ ಉಳಿಯುವ ಚೀಲ ಸುಮಾರು 30 ಮಿಲಿಲೀಟರ್. ಎರಡು ದೊಡ್ಡ ಚಮಚ ನೀರು ಹಿಡಿಸುವಷ್ಟು. ಒಂದು ಲೋಟ ನೀರನ್ನು ಗಟಗಟ ಕುಡಿಯುವ ಕಾಲ ಸದ್ಯಕ್ಕೆ ಮುಗಿಯಿತು. ಆದರೆ ದೇಹಕ್ಕೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಬೇಕೇ ಬೇಕು. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಇನ್ನೂ ಜಾಸ್ತಿ. ಇದರ ಜೊತೆಗೆ, ಮೊದಲ ವಾರಗಳಲ್ಲಿ ತೂಕದ ಯಂತ್ರ ನೋಡಿ ಖುಷಿಪಡುತ್ತೀರಲ್ಲ, ಆಗ ಇಳಿದದ್ದೆಲ್ಲ ಕೊಬ್ಬಲ್ಲ. ಊಟ ಕಡಿಮೆಯಾದಾಗ ದೇಹ ತಾನು ಕೂಡಿಟ್ಟ ಸಕ್ಕರೆಯನ್ನು ಖರ್ಚು ಮಾಡುತ್ತದೆ. ಅದರ ಜೊತೆಗಿದ್ದ ನೀರು, ಉಪ್ಪು ಎರಡೂ ಮೂತ್ರದಲ್ಲಿ ಹೊರಟುಹೋಗುತ್ತವೆ.

ಊಟದ ಮಧ್ಯೆ ನೀರು ಕುಡಿಯಬೇಡಿ, ಅರ್ಧ ಗಂಟೆ ಬಿಟ್ಟು ಕುಡಿಯಿರಿ ಅಂತ ನಾವು ಹೇಳುತ್ತೇವೆ. ಕೆಲವರು ಅದನ್ನು ನೀರೇ ಕುಡಿಯಬಾರದು ಅಂತ ಪಾಲಿಸುತ್ತಾರೆ! ಬಾಯಾರಿಕೆ ಆಗಲಿ ಅಂತ ಕಾಯಬೇಡಿ. ಅರ್ಧ ಲೀಟರಿನ ಬಾಟಲಿ ತೆಗೆದುಕೊಂಡು, ಇಷ್ಟು ಗಂಟೆಗೆ ಇಲ್ಲಿಯವರೆಗೆ ಅಂತ ಪೆನ್ನಿನಲ್ಲಿ ಗೆರೆ ಎಳೆಯಿರಿ. ಕೆಲವು ನಿಮಿಷಕ್ಕೊಂದು ಗುಟುಕು. ಮೂತ್ರ ಕಡು ಹಳದಿ ಇದ್ದರೆ ಕುಡಿದದ್ದು ಸಾಲದು.

ಬರೀ ನೀರಷ್ಟೇ ಅಲ್ಲ, ಉಪ್ಪಿನಂಶವೂ ಬೇಕು. ಚಿಟಿಕೆ ಉಪ್ಪು ಹಾಕಿದ ನೀರು ಮಜ್ಜಿಗೆ, ಬೇಳೆ ಕಟ್ಟು, ಖಾರ ಇಲ್ಲದ ತಿಳಿಸಾರು ನಮ್ಮ ಅಡುಗೆಮನೆಯಲ್ಲೇ ಇವೆ. ಎಳನೀರಿನಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಕುಡಿಯಬಾರದು. ಓಆರ್‌ಎಸ್ ಬೇಕಾದರೆ ಪ್ಯಾಕೆಟ್ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇದೆಯಾ ನೋಡಿ. ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಕೇಳಿಯೇ ಕುಡಿಯಿರಿ. ಸಿಹಿ ಜ್ಯೂಸ್ ಬೇಡ. ಬೈಪಾಸ್ ಆದವರಿಗೆ ಅದರಿಂದ ಎದೆ ಹೊಡೆದುಕೊಂಡು, ಬೆವರಿ, ಭೇದಿಯಾಗಿ, ಇದ್ದ ನೀರೂ ಹೋಗುತ್ತದೆ.

ಇಷ್ಟೆಲ್ಲ ಮಾಡಿಯೂ ಕಾಲು ಹಿಡಿಯುತ್ತಿದೆ ಅಂದರೆ ನಾನು ಮಾತ್ರೆಯ ಕವರ್ ತರಲು ಹೇಳುತ್ತೇನೆ. ಮೇಜಿನ ಮೇಲೆ ಸುರಿದರೆ ಅದರಲ್ಲಿ ಹಳೆಯ ಬಿಪಿ ಮಾತ್ರೆ ಇರುತ್ತದೆ. ಹೆಸರಿನ ಕೊನೆಗೆ ಎಚ್ ಅನ್ನುವ ಅಕ್ಷರ ಇದ್ದರೆ ಸಾಮಾನ್ಯವಾಗಿ ಅದರಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಸೇರಿರುತ್ತದೆ. ಅದು ಮೂತ್ರ ಹೋಗಿಸುವ ಔಷಧ. ನೀರಿನ ಜೊತೆ ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲವನ್ನೂ ಹೊರಗೆ ಹಾಕುತ್ತದೆ. ನೂರಿಪ್ಪತ್ತು ಕಿಲೋ ಇದ್ದಾಗ ಬೇಕಾಗಿದ್ದ ಮಾತ್ರೆ ಈಗ ಬೇಕಾಗದೇ ಇರಬಹುದು. ಆಪರೇಷನ್ ಆದಮೇಲೆ ಬಿಪಿ ಎಷ್ಟೋ ಜನರಿಗೆ ಇಳಿಯುತ್ತದೆ. ಗ್ಯಾಸ್ಟ್ರಿಕ್ ಅಂತ ತಿಂಗಳುಗಟ್ಟಲೆ ನುಂಗುವ ಮಾತ್ರೆಯಿಂದಲೂ ಮೆಗ್ನೀಸಿಯಂ ಇಳಿಯಬಹುದು. ಮೆಗ್ನೀಸಿಯಂ ಇಳಿದಿದ್ದರೆ ಪೊಟ್ಯಾಸಿಯಂ, ಕ್ಯಾಲ್ಸಿಯಂ ಎಷ್ಟು ಕೊಟ್ಟರೂ ಏರುವುದಿಲ್ಲ. ಹಾಗಾಗಿ ರಕ್ತ ಪರೀಕ್ಷೆ ಮಾಡಿಸುವಾಗ ಅದನ್ನೂ ಬರೆಸಿಕೊಳ್ಳಿ. ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಡಾಕ್ಟರಿಗೆ ಅವತ್ತೇ ಫೋನ್ ಮಾಡಿ ಕೇಳಿ.

"ರಾಗಿ ಕುಡೀತಿದ್ದೀನಲ್ಲ, ಮತ್ತೆ ಕ್ಯಾಲ್ಸಿಯಂ ಮಾತ್ರೆ ಯಾಕೆ?" ಇದು ಮಂಡ್ಯ, ತುಮಕೂರು ಕಡೆಯವರ ಖಾಯಂ ಪ್ರಶ್ನೆ. ರಾಗಿ ಒಳ್ಳೆಯದೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಈಗ ನೀವು ಕುಡಿಯುವ ಅಂಬಲಿಗೆ ಬೀಳುವ ಹಿಟ್ಟು 20 ಗ್ರಾಂ ಇರಬಹುದು. ಅಂದರೆ 70 ಮಿಲಿಗ್ರಾಂ. ದಿನಕ್ಕೆ ಬೇಕಾದದ್ದು 1200ರಿಂದ 1500. ಬೈಪಾಸಿನಲ್ಲಂತೂ ಕ್ಯಾಲ್ಸಿಯಂ ಚೆನ್ನಾಗಿ ಹೀರುವ ಸಣ್ಣ ಕರುಳಿನ ಮೊದಲ ಭಾಗಕ್ಕೆ ಊಟ ಹೋಗುವುದೇ ಇಲ್ಲ. ಹಾಗಾಗಿ ಮಾತ್ರೆ ತಪ್ಪದು. ಸಿಟ್ರೇಟ್ ರೂಪದ್ದು ಆಮ್ಲ ಕಡಿಮೆ ಇರುವ ಹೊಟ್ಟೆಯಲ್ಲೂ ಹೀರಿಕೊಳ್ಳುತ್ತದೆ. ಒಂದೇ ಸಲಕ್ಕೆ ಎಲ್ಲ ನುಂಗಬೇಡಿ, ದೇಹ ಒಂದು ಬಾರಿಗೆ 500ರ ಆಸುಪಾಸಿನಷ್ಟೇ ಚೆನ್ನಾಗಿ ಹೀರುತ್ತದೆ. ಕಬ್ಬಿಣಾಂಶದ ಮಾತ್ರೆ ಇದ್ದರೆ ಎರಡು ಗಂಟೆ ಅಂತರ ಇಡಿ. ವಿಟಮಿನ್ ಡಿ ಇಲ್ಲದಿದ್ದರೆ ಇದ್ಯಾವುದೂ ಸರಿಯಾಗಿ ದಕ್ಕುವುದಿಲ್ಲ. ಬಾಯಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಅಂದು ಕೈಬೆರಳು ಸೊಟ್ಟಗೆ ಸೆಟೆದುಕೊಂಡರೆ ಕ್ಯಾಲ್ಸಿಯಂ ತೀರ ಇಳಿದಿರಬಹುದು. ಆಗ ಆಸ್ಪತ್ರೆಗೆ ಹೋಗಲೇಬೇಕು.

ಕಾಲು ಹಿಡಿದರೆ ಕೆಂಪು ಬಣ್ಣದ ಬಿ12 ಇಂಜೆಕ್ಷನ್ ಹಾಕಿಸಿಕೊಂಡು ಬರುವ ಅಭ್ಯಾಸ ನಮ್ಮಲ್ಲಿದೆ. ಬಿ12 ಮುಂದಕ್ಕೆ ಬೇಕೇ ಬೇಕು, ಅದರಲ್ಲೂ ಸಸ್ಯಾಹಾರಿಗಳಿಗೆ. ಆದರೆ ಈ ಮೊದಲ ವಾರಗಳಲ್ಲಿ ನನಗೆ ಹೆಚ್ಚು ಭಯ ವಿಟಮಿನ್ ಬಿ1 ಕೊರತೆಯದ್ದು. ಬಿ1 ದಾಸ್ತಾನು ದೇಹದಲ್ಲಿ ಎರಡು ಮೂರು ವಾರಕ್ಕೆ ಖಾಲಿ. ದಿನಾ ವಾಂತಿ ಆಗುತ್ತಿದ್ದರೆ ಇನ್ನೂ ಬೇಗ. ಕಾಲಿನಲ್ಲಿ ಬಲ ಇಲ್ಲದಿರುವುದು, ನಡಿಗೆ ತೂರಾಡುವುದು, ಒಂದು ಎರಡಾಗಿ ಕಾಣುವುದು ಇದರ ಗುರುತು. ಸುಸ್ತು ಅಂತ ಪಕ್ಕದ ಕ್ಲಿನಿಕ್ಕಿಗೆ ಹೋಗಿ ಸುಮ್ನೆ ಗ್ಲೂಕೋಸ್ ಏರಿಸಿಕೊಂಡರೆ ಉಳಿದ ಚೂರುಪಾರು ಬಿ1 ಕೂಡ ಖರ್ಚಾಗಿ ಮೆದುಳಿಗೇ ಪೆಟ್ಟಾಗಬಹುದು. ಡ್ರಿಪ್ ಹಾಕುವ ಮೊದಲೇ ಹೇಳಿ: ನನಗೆ ತೂಕದ ಆಪರೇಷನ್ ಆಗಿದೆ, ವಾಂತಿ ಆಗ್ತಿದೆ, ಬಿ1 ಬೇಕಾಗುತ್ತಾ ನೋಡಿ.

ಪ್ರೋಟೀನ್ ದಿನಕ್ಕೆ 60 ಗ್ರಾಮಿಗೆ ಕಡಿಮೆ ಆಗದಿರಲಿ. ಆದಷ್ಟು ಓಡಾಡಿ. ಮಲಗುವ ಮುಂಚೆ ಗೋಡೆಗೆ ಕೈ ಕೊಟ್ಟು ಮೀನಖಂಡ ಸ್ವಲ್ಪ ಎಳೆದುಕೊಳ್ಳಿ.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ಅಮ್ಮಂದಿರೇ, ಅಜ್ಜಿಯರೇ, ಕಾಲು ನೋವು ಅಂದ ಕೂಡಲೇ ಎಣ್ಣೆ ಬಿಸಿ ಮಾಡಿ ತಿಕ್ಕಲು ಕೂರಬೇಡಿ. ಮೊದಲು ಎರಡೂ ಕಾಲು ಪಕ್ಕಪಕ್ಕ ಇಟ್ಟು ದೀಪದ ಬೆಳಕಿನಲ್ಲಿ ನೋಡಿ. ಸೆಳೆತ ಆದರೆ ಕೆಲವೇ ನಿಮಿಷಕ್ಕೆ ಬಿಡುತ್ತದೆ. ಆಮೇಲೆ ಸ್ವಲ್ಪ ನೋವು ಉಳಿಯಬಹುದು, ಅಷ್ಟೇ. ಬಿಡದ ನೋವು, ಒಂದೇ ಕಾಲು ಊದಿಕೊಂಡಿರುವುದು, ಮುಟ್ಟಿದರೆ ಬಿಸಿ, ಚರ್ಮ ಕೆಂಪಗೆ, ಹೀಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಗಡ್ಡೆ ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಆಪರೇಷನ್ ಆದ ಮೊದಲ ತಿಂಗಳು ಈ ಅಪಾಯ ಜಾಸ್ತಿ. ಅಂಥ ಕಾಲನ್ನು ತಿಕ್ಕದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ. ಆಪರೇಷನ್ ಆಗಿ ಎಷ್ಟು ದಿನ ಆಯಿತು ಅನ್ನುವುದನ್ನು ಮೊದಲೇ ಹೇಳಿ.

ನಮಸ್ಕಾರ.