ಕೊಡದಲ್ಲಿ ಹೆಸರು ಹಾಕಿ, ಚೀಟಿ ಎತ್ತಿ

ಕೇಳುಗರಿಗೆಲ್ಲ ನಮಸ್ಕಾರ. ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ದಿನವಿಡೀ ನಾಟಿ ಮಾಡಿ ಬಂದು, ಈಗ ಒಲೆ ಮುಂದೆ ಕೂತು ರೇಡಿಯೊ ಕೇಳುತ್ತಿರುವ ತಾಯಂದಿರ ಜೊತೆ ನಾನು ಮಾತಾಡಬೇಕು. ನೀವು ಹೊಲಕ್ಕೆ ಹೋದಾಗ ಕೂಸನ್ನು ಯಾರು ನೋಡಿಕೊಳ್ಳುತ್ತಾರೆ? ಊರು ಒಟ್ಟಿಗೆ ಕೂತು ಈ ಮಾತು ಆಡಿದ್ದು ಯಾವತ್ತಾದರೂ ನೆನಪಿದೆಯಾ?

ಆರು ತಿಂಗಳಿಗೊಮ್ಮೆಯಾದರೂ ಗ್ರಾಮ ಸಭೆ ನಡೆಸಬೇಕು ಅಂತ ಕಾನೂನಿದೆ. ನಡೆಸುತ್ತಾರೆ, ಬೆಳಿಗ್ಗೆ 11 ಗಂಟೆಗೆ. ಆ ಹೊತ್ತಿಗೆ ನೀವು ಕೆಸರಲ್ಲಿ ಬಗ್ಗಿ ನಿಂತಿರುತ್ತೀರಿ. ಸಭೆಯಲ್ಲಿ ಅದೇ ಏಳೆಂಟು ಜನ, ಅದೇ ಚರಂಡಿ, ಅದೇ ಸಿಸಿ ರಸ್ತೆ. ಅದಕ್ಕೇ ನಾನು ಹೋದಲ್ಲೆಲ್ಲ ಹೇಳುತ್ತೇನೆ: ಚೀಟಿ ಎತ್ತಿ. ಮತದಾರರ ಪಟ್ಟಿಯ ಹೆಸರುಗಳನ್ನು ಚೀಟಿಯಲ್ಲಿ ಬರೆದು, ಕೊಡಕ್ಕೆ ಹಾಕಿ, ಕುಲುಕಿ, ಯಾರ ಹೆಸರು ಬರುತ್ತದೋ ಅವರನ್ನು ಊರಿನ ವಿಷಯ ಮಾತಾಡಲು ಕೂರಿಸಿ. ನಾಗರಿಕರ ಸಭೆ ಅಂದರೆ ಇದೇ.

ಸಿಂಧನೂರು ತಾಲ್ಲೂಕಿನ ಒಂದು ಊರಲ್ಲಿ ಕೂಸುಗಳನ್ನು ನೋಡಿಕೊಳ್ಳುವ ವಿಷಯಕ್ಕೆ ಹೀಗೆ ಮಾಡಿದೆವು. ಕೇರಿಯವರೂ ಬರಬೇಕು, ತಾಂಡಾದವರೂ ಬರಬೇಕು ಅಂತ ಓಣಿ ಓಣಿಗೆ ಬೇರೆ ಚೀಟಿ, ಅದರಲ್ಲೂ ಹೆಂಗಸರದು ಬೇರೆ, ಗಂಡಸರದು ಬೇರೆ. ಎರಡನೇ ತರಗತಿಯ ಹುಡುಗಿಯೊಬ್ಬಳು ಸ್ಟೀಲ್ ಕೊಡಕ್ಕೆ ಮೊಣಕೈವರೆಗೂ ಕೈ ಹಾಕಿ ಎತ್ತಿದಳು. 20 ಹೆಸರು ಬಂದವು. ಮೂರು ರಾತ್ರಿ, ಊಟ ಆದ ಮೇಲೆ, ಶಾಲೆಯಲ್ಲಿ ಸೇರಿದೆವು. ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿ ಮಕ್ಕಳನ್ನು ಮಲಗಿಸಿದ್ದೆವು, ಇಲ್ಲದಿದ್ದರೆ ತಾಯಂದಿರು ಬರುವುದಾದರೂ ಹೇಗೆ?

ಅರವತ್ತು ದಾಟಿದ ಒಬ್ಬ ಅಜ್ಜಿ ಬಾಗಿಲಲ್ಲೇ ನಿಂತುಬಿಟ್ಟರು. "ಯವ್ವಾ, ನನ್ನ ಹೆಸರು ತಪ್ಪಿ ಬಂದೈತಿ. ನಾ ಏನು ಮಾತಾಡ್ಲಿ?" ಕೈ ಹಿಡಿದು ಒಳಗೆ ಕರೆದುಕೊಂಡು ಬಂದೆ. ಮೊದಲ ರಾತ್ರಿ ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ ಬಂದು ಏನಿದೆ, ಏನಿಲ್ಲ ಅಂತ ಹೇಳಿದರು. ಎರಡನೇ ರಾತ್ರಿ ಐದೈದು ಜನರ ಗುಂಪು. ಎಲ್ಲ ಗುಂಪಲ್ಲೂ ಒಂದೇ ಬೇಡಿಕೆ: ಅಂಗನವಾಡಿಗೆ ಹೊಸ ಕಟ್ಟಡ, ಕಾಂಪೌಂಡು. ಒಬ್ಬರೂ ಸುಮ್ನೆ ಎದ್ದು ಹೋಗಬಾರದು, ಎಲ್ಲರೂ ಒಂದು ಮಾತಾದರೂ ಆಡಬೇಕು ಅಂತ ನಿಯಮ ಇತ್ತು. ಅಜ್ಜಿಯ ಸರದಿ ಬಂತು. "ಕಟ್ಟಡ ಕಟ್ರಿ. ನಮ್ಮ ಗಾಡಿ ಹೊರಡೂದು ಆರೂವರಿಗೆ, ಅಂಗನವಾಡಿ ಬೀಗ ತೆಗಿಯೂದು ಒಂಬತ್ತೂವರಿಗೆ. ನಡುವಿನ ಮೂರು ತಾಸು ಕೂಸು ಎಲ್ಲಿರಬೇಕು?"

ಯಾರೂ ಮಾತಾಡಲಿಲ್ಲ. ಆಮೇಲೆ ಕೂಲಿಯವರನ್ನು ಕರೆದೊಯ್ಯುವ ಟಂಟಂ ಆಟೊ ಓಡಿಸುವ ಹುಡುಗ ಬಾಯಿಬಿಟ್ಟ. "ನನ್ನ ಗಾಡ್ಯಾಗ ದಿನಾ ನಾಕೈದು ಕೂಸು ಇರ್ತಾವ್ರೀ, ತಾಯಂದಿರ ತೊಡಿ ಮ್ಯಾಲೆ." ಒಬ್ಬ ತಾಯಿ, ಬದುವಿನ ಎರಡು ಜಾಲಿ ಗಿಡಕ್ಕೆ ಸೀರೆ ಕಟ್ಟಿ ಕೂಸನ್ನು ಮಲಗಿಸುತ್ತೇನೆ ಅಂದಳು. ಪಕ್ಕದಲ್ಲೇ ಕಾಲುವೆ. ಒಂದು ಕಟ್ಟು ಸಸಿ ಹಚ್ಚಿದ ಮೇಲೆ ಒಂದು ಸಲ ತಲೆ ಎತ್ತಿ ನೋಡುತ್ತಾಳಂತೆ. ಅಜ್ಜಿಯೂ ನಾಟಿಗೆ ಹೋಗುತ್ತಾರೆ, ಅದಕ್ಕೇ ಐದನೇ ತರಗತಿಯ ಮೊಮ್ಮಗಳು ಶಾಲೆ ಬಿಟ್ಟು ತಮ್ಮನನ್ನು ನೋಡಿಕೊಳ್ಳುತ್ತಿದ್ದಳು.

ಮೂರನೇ ರಾತ್ರಿ ಕೈ ಎತ್ತಿಸಿದಾಗ 20ರಲ್ಲಿ 17 ಜನ ಕಟ್ಟಡವನ್ನು ಹಿಂದಕ್ಕೆ ಹಾಕಿದರು. ಮೊದಲು ಬೆಳಿಗ್ಗೆ 6ಕ್ಕೆ ತೆರೆಯುವ ಒಂದು ಜಾಗ, ಇಬ್ಬರು ಹೆಂಗಸರು, ಅವರಿಗೆ ಕೂಲಿ. ಪಂಚಾಯಿತಿ ನಾಟಿ ಮತ್ತು ಕೊಯ್ಲಿನ ತಿಂಗಳಿಗೆ ಮಾತ್ರ ಒಪ್ಪಿತು. ಉಳಿದ ತಿಂಗಳಿಗೆ ಇನ್ನೂ ಕೇಳುತ್ತಿದ್ದಾರೆ. ನೋಡಿ, ಚೀಟಿ ಎತ್ತದಿದ್ದರೆ ಆ ಅಜ್ಜಿ ಅಲ್ಲಿ ಇರುತ್ತಲೇ ಇರಲಿಲ್ಲ ಅಲ್ವಾ?

ಇದೇನು ಹೊಸ ಹುಚ್ಚು ಅನ್ನುವವರಿಗೆ ಒಂದು ಮಾತು. ತಮಿಳುನಾಡಿನ ಉತ್ತಿರಮೇರೂರಿನಲ್ಲಿ ಸಾವಿರ ವರ್ಷದ ಹಿಂದೆಯೇ ಓಲೆಗರಿಯಲ್ಲಿ ಹೆಸರು ಬರೆದು ಕೊಡಕ್ಕೆ ಹಾಕಿ, ಹುಡುಗನ ಕೈಯಿಂದ ಎತ್ತಿಸಿ ಊರಿನ ಸಮಿತಿ ಮಾಡುತ್ತಿದ್ದರು, ಶಾಸನ ಇದೆ. ಐರ್ಲೆಂಡಿನಲ್ಲಿ 2020ರಲ್ಲಿ ಹೀಗೇ 99 ಸಾಮಾನ್ಯ ಜನರನ್ನು ಆರಿಸಿ ಹೆಣ್ಣು ಗಂಡಿನ ಸಮಾನತೆ ಬಗ್ಗೆ ಕೂರಿಸಿದರು. ಮಕ್ಕಳ ಆರೈಕೆಗೆ ಸರ್ಕಾರವೇ ಹಣ ಹಾಕಬೇಕು, 2030ರೊಳಗೆ ದೇಶದ ಉತ್ಪನ್ನದ ಶೇ 1ರಷ್ಟಾದರೂ ಕೊಡಬೇಕು ಅಂತ ಅವರು ಹೇಳಿದರು.

ನಮ್ಮಲ್ಲೂ 2023ರಲ್ಲಿ ನರೇಗಾ ಕೂಲಿಕಾರರ ಮಕ್ಕಳಿಗಾಗಿ 4000 ಪಂಚಾಯಿತಿಗಳಲ್ಲಿ ಕೂಸಿನ ಮನೆ ಅನ್ನುವ ಶಿಶುಪಾಲನಾ ಕೇಂದ್ರ ತೆರೆಯುತ್ತೇವೆ ಅಂತ ರಾಜ್ಯ ಸರ್ಕಾರ ಹೇಳಿತು. ನಿಮ್ಮೂರಲ್ಲಿ ಇದ್ದರೆ, ಬಾಗಿಲು ತೆಗೆಯುವುದು ಎಷ್ಟು ಗಂಟೆಗೆ ಅಂತ ಮೊದಲು ಕೇಳಿ. ಬಳ್ಳಾರಿಯಲ್ಲಿ ಮನೆಯಲ್ಲೇ ಜೀನ್ಸ್ ಹೊಲಿಯುವ ತಾಯಂದಿರ ವಿಷಯ ಜಾಸ್ತಿ ಹೇಳಬೇಕು ಅಂದುಕೊಂಡಿದ್ದೆ, ಹೊತ್ತು ಸಾಲದು. ಅವರಿಗೂ ಅದನ್ನೇ ಹೇಳುತ್ತೇನೆ: ವಾರ್ಡಿನಲ್ಲಿ ಚೀಟಿ ಎತ್ತಿಸಿ.

ಸಭೆ ಹೇಳಿದ್ದಕ್ಕೆ ಪಂಚಾಯಿತಿಯಿಂದ ಬರವಣಿಗೆಯಲ್ಲೇ ಉತ್ತರ ಪಡೆಯಿರಿ, ಆಗದಿದ್ದರೆ ಯಾಕೆ ಆಗುವುದಿಲ್ಲ ಅಂತ ಬರೆದು ಕೊಡಲಿ. ನಾಳೆಯೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಹೋಗಿ ಮತದಾರರ ಪಟ್ಟಿ ಕೇಳಿ. ಒಂದು ಕೊಡ ತೊಳೆದು ಒಣಗಿಸಿಡಿ. ನಮಸ್ಕಾರ.